ಪಕ್ಕದ ಮನೆಯ ಫ್ರಿಜ್ಜು

ಆ ಕ್ಲಿನಿಕ್ಕಿಗೆ ಬಂದವರು ಯಾರೇ ಆಗಲಿ, ಡಾಕ್ಟರ ಮುಂದೆ ಕೂರುವ ಮೊದಲು ತೂಕದಕ್ಕನನ್ನು ದಾಟಿಯೇ ಹೋಗಬೇಕಿತ್ತು. ಬಿಪಿ ಪಟ್ಟಿ ಕಟ್ಟುವುದು, ಜ್ವರ ನೋಡುವುದು, ಬೆರಳು ಚುಚ್ಚಿ ಸಕ್ಕರೆ ಅಳೆಯುವುದು ಎಲ್ಲವೂ ಅವಳದೇ ಕೆಲಸ. ಆದರೂ ಜನರ ಬಾಯಲ್ಲಿ ಉಳಿದದ್ದು ತೂಕ ಮಾತ್ರ, ಏಕೆಂದರೆ ಜಗಳ ಆಗುತ್ತಿದ್ದದ್ದು ಅದರಲ್ಲೇ. ಚಪ್ಪಲಿ ಬಿಟ್ಟು ಹತ್ತುವವರು, ಬೀಗದ ಕೈ ಗೊಂಚಲನ್ನು ಪಕ್ಕದವರಿಗೆ ಕೊಟ್ಟು ಹತ್ತುವವರು, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರು, ಎಲ್ಲ ತರದವರನ್ನೂ ಅವಳು ಕಂಡಿದ್ದಳು. ಹೊಟ್ಟೆ ಒಳಗೆ ಹೋದರೂ ತೂಕ ಹೊರಗೆ ಹೋಗುವುದಿಲ್ಲ ಎಂದು ನಗದೆ ಹೇಳುತ್ತಿದ್ದಳು. ಮುಳ್ಳು ಎಲ್ಲಿ ನಿಂತಿತೋ ಅದನ್ನೇ ಓದುತ್ತಿದ್ದಳು; ಅರ್ಧ ಕಿಲೋ ಬಿಟ್ಟುಕೊಡಿ ಎಂದು ಗೋಗರೆದರೂ ಬಿಟ್ಟುಕೊಟ್ಟವಳಲ್ಲ.

ಅವಳ ಸ್ವಭಾವವೂ ಆ ಮುಳ್ಳಿನಂಥದೇ. ಹೇಳಿದ್ದನ್ನು ಹೇಳಿದಷ್ಟೇ ಅರ್ಥ ಮಾಡಿಕೊಳ್ಳುವಳು, ಒಂದು ಕೂದಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಸಂಜೆ ಕೆಲಸದಿಂದ ಬಂದು, ಯಾರಾದರೂ ಈಗ ಒಂದು ಲೋಟ ಟೀ ಕೊಟ್ಟರೆ ಎಷ್ಟು ಚೆನ್ನಾಗಿರುತ್ತದೆ ಎಂದು ಗಾಳಿಗೆ ಹೇಳಿದಂತೆ ಹೇಳಿದ್ದ. ಹೌದು, ಚೆನ್ನಾಗಿರುತ್ತದೆ ಎಂದು ಒಪ್ಪಿಕೊಂಡು ಅವಳು ಪೇಪರು ಓದುತ್ತಾ ಕೂತಿದ್ದಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದ್ದರು. ಆಮೇಲೆ ಆ ಮನೆಯಲ್ಲಿ ಟೀ ಬೇಕಾದವರು ಟೀ ಬೇಕು ಎಂದೇ ಹೇಳುವ ರೂಢಿ ಬಂತು, ಎಲ್ಲರಿಗೂ ಅನುಕೂಲವೇ ಆಯಿತು.

ಹೀಗಿರುವಾಗ ಕ್ಲಿನಿಕ್ಕಿಗೆ ಒಬ್ಬ ಹೊಸ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಮಾತು ಕಡಿಮೆ, ಯೋಚನೆ ಜಾಸ್ತಿ. ಊಟಕ್ಕೇ ದಾರಿಯಿಲ್ಲದವರಿಗೆ ಊಟವಾದ ಮೇಲೆ ನುಂಗಿ ಎಂದು ಮಾತ್ರೆ ಬರೆದುಕೊಟ್ಟರೆ ಏನು ಪ್ರಯೋಜನ, ಸೋರುವ ಮನೆಯಲ್ಲಿ ಮಲಗುವ ಮಗುವಿನ ಕೆಮ್ಮಿಗೆ ಸಿರಪ್ಪು ಎಷ್ಟು ಕುಡಿಸಿದರೇನು ಎಂಬುದು ಅವರ ಪ್ರಶ್ನೆ. ಆದ್ದರಿಂದ ಇನ್ನುಮೇಲೆ ಬಂದವರ ತೂಕದ ಜೊತೆಗೆ ಮನೆಯ ಸ್ಥಿತಿಯನ್ನೂ ಕೇಳಬೇಕೆಂದರು. ಊಟಕ್ಕೆ ಆಗುತ್ತದೆಯೇ, ಸೂರು ಗಟ್ಟಿಯಿದೆಯೇ, ನೀರು ಕರೆಂಟು ಬರುತ್ತದೆಯೇ, ಕ್ಲಿನಿಕ್ಕಿಗೆ ಕರೆತರುವವರಿದ್ದಾರೆಯೇ, ಔಷಧಿ ಇಡಲು ಅನುಕೂಲವಿದೆಯೇ, ಬಿದ್ದರೆ ಎತ್ತುವವರು ಯಾರು. ಕೊರತೆ ಕಂಡರೆ ಊರಿನ ನೆರವಿನ ಸಂಘಕ್ಕೆ ತಿಳಿಸಿದರಾಯಿತು. ಮಂಚ, ಒಲೆ, ಗಾಲಿಕುರ್ಚಿ, ಜನ ಬಿಟ್ಟುಕೊಟ್ಟ ಹಳೆಯ ಸಾಮಾನುಗಳನ್ನೆಲ್ಲ ಸರಿಮಾಡಿಸಿ ಕೊಡಲು ಅವರ ಬಳಿ ಒಂದು ಶೆಡ್ಡೇ ಇತ್ತು. ಕೇಳುವ ಕೆಲಸ ತೂಕದಕ್ಕನ ಪಾಲಿಗೆ ಬಂತು. ಬಂದವರು ಹೇಳಿದ್ದನ್ನಷ್ಟೇ ತಿಳಿಸಿ, ನಿಮ್ಮ ಊಹೆ ಸೇರಿಸಬೇಡಿ ಎಂದರು ಡಾಕ್ಟರು. ಆ ಮಾತನ್ನು ಬೇರೆ ಯಾರಿಗೆ ಹೇಳಿದ್ದರೂ ನಡೆಯುತ್ತಿತ್ತು; ಅವಳಿಗೆ ಹೇಳಿದ್ದು ಮಾತ್ರ ಮೀನಿಗೆ ಈಜು ಕಲಿಸಿದಂತಾಯಿತು.

ಮೊದಲು ಅವಳು ಹೊರಗಿನ ಬೆಂಚುಗಳ ನಡುವೆಯೇ ನಿಂತು ಎಲ್ಲರಿಗೂ ಕೇಳುವಂತೆ ಕೇಳಿದಳು. ಊರಿಗೆ ಊರೇ ಸುಖವಾಗಿತ್ತು. ಒಬ್ಬರಿಗೂ ಯಾವ ಕೊರತೆಯೂ ಇರಲಿಲ್ಲ. ಡಾಕ್ಟರು ಅದನ್ನು ನೋಡಿ, ಹತ್ತು ಜನರ ಎದುರು ಯಾರು ತಾನೆ ಬಾಯಿ ಬಿಡುತ್ತಾರೆ ಎಂದು ಬ್ಯಾಂಡೇಜು ಇಡುವ ಕೋಣೆಯನ್ನು ಖಾಲಿ ಮಾಡಿಸಿ ಎರಡು ಕುರ್ಚಿ ಹಾಕಿಸಿದರು. ಬಾಗಿಲು ಮುಚ್ಚಿದ ಮೇಲೆ ಜನ ಮಾತಾಡಿದರು, ಇಲ್ಲವೆಂದಲ್ಲ. ಆದರೆ ಅವರು ಹೇಳಿದ್ದನ್ನು ಕೇಳಿ ತೂಕದಕ್ಕನ ಲೆಕ್ಕಾಚಾರವೇ ತಲೆಕೆಳಗಾಯಿತು. ಬಂದವರೆಲ್ಲರ ಮನೆಯೂ ಚೆನ್ನಾಗಿತ್ತು, ಎಲ್ಲರ ಪಕ್ಕದ ಮನೆ ಮಾತ್ರ ಕೆಟ್ಟುಹೋಗಿತ್ತು. ಪಕ್ಕದ ಮನೆಯ ಹೆಂಚು ಒಡೆದಿತ್ತು, ಪಕ್ಕದ ಮನೆಯಲ್ಲಿ ರಾತ್ರಿ ಒಲೆ ಹೊತ್ತುತ್ತಿರಲಿಲ್ಲ, ಪಕ್ಕದ ಮನೆಯವರನ್ನು ಮಾತಾಡಿಸುವವರೇ ಇರಲಿಲ್ಲ. ಪ್ರತಿ ಮನೆಗೂ ಪಕ್ಕದ ಮನೆ ಇರುವಾಗ, ಪ್ರತಿ ಪಕ್ಕದ ಮನೆಗೂ ಅದರ ಪಕ್ಕದ ಮನೆ ಇರುವಾಗ, ಚೆನ್ನಾಗಿರುವ ಮನೆಗಳು ಯಾವುವು, ಕೆಟ್ಟ ಮನೆಗಳು ಎಲ್ಲಿವೆ ಎಂದು ಅವಳು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದಳು.

ಒಬ್ಬ ಮುದುಕಿಯಂತೂ, ನಮ್ಮ ಪಕ್ಕದ ಮನೆಯವಳನ್ನು ಇಲ್ಲಿಗೆ ಕರೆತರುವವರು ಯಾರೂ ಇಲ್ಲ, ಪಾಪ, ನಡೆದು ನಡೆದು ಮಂಡಿ ಸವೆದಿದೆ ಎಂದಳು. ಮುಂದಿನ ಸಲ ನಿಮ್ಮ ಜೊತೆಗೇ ಕರೆದುಕೊಂಡು ಬನ್ನಿ ಎಂದಳು ತೂಕದಕ್ಕ. ಮುದುಕಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು.

"ಅವಳು ಯಾವಾಗ್ಲೂ ನನ್ನ ಜೊತೇಲೇ ಬರೋದು ಕಣಮ್ಮ."

"ಹಾಗಾದ್ರೆ ತೊಂದರೆ ಇಲ್ಲ ಬಿಡಿ," ಎಂದು ತೂಕದಕ್ಕ ಸಮಾಧಾನದಿಂದ ಮುಂದಿನವರನ್ನು ಕರೆದಳು.

ಅಲ್ಲಿಯ ಜನ ತಮ್ಮ ಕಷ್ಟವನ್ನು ಎಂದೂ ತಮ್ಮದೆಂದು ಹೇಳಿದವರಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಪಕ್ಕದ ಮನೆಯ ಮೇಲೆ ಇಡುತ್ತಿದ್ದರು, ಬೆಳಕು ಎಲ್ಲಿ ಬಿತ್ತೆಂದು ಕೇಳುವವರು ತಿಳಿದುಕೊಳ್ಳಬೇಕಿತ್ತು. ಎಲ್ಲರೂ ತಿಳಿದುಕೊಳ್ಳುತ್ತಲೂ ಇದ್ದರು, ತೂಕದಕ್ಕ ಒಬ್ಬಳನ್ನು ಬಿಟ್ಟು.

ಆ ಕೋಣೆಗೆ ಒಂದು ದಿನ ರಿಪೇರಿಯಣ್ಣ ಬಂದ. ಮದುವೆ ಆಗದೆ ಉಳಿದ ಆಸಾಮಿ, ತಲೆ ನರೆತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಫ್ಯಾನುಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಮಿಕ್ಸಿಗಳು ಹೊಟ್ಟೆ ಬಿಚ್ಚಿಕೊಂಡು ಕೂತಿದ್ದವು. ಬೀದಿಯ ಫ್ರಿಜ್ಜುಗಳೆಲ್ಲದರ ಬೆನ್ನೂ ಅವನಿಗೆ ಗೊತ್ತು. ಇನ್ನೇನು ಗುಜರಿಗೆ ಎಂದವುಗಳನ್ನೂ ಎರಡು ಏಟು ಹಾಕಿ ಎಬ್ಬಿಸುತ್ತಿದ್ದ. ನೆರವಿನ ಸಂಘದ ಶೆಡ್ಡಿನ ಸಾಮಾನುಗಳಿಗೂ ಅವನೇ ವೈದ್ಯ. ಅವನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಕ್ಲಿನಿಕ್ಕಿನವರು ಒಂದು ತಿಂಗಳಿಗಾಗುವಷ್ಟು ಸೀಸೆಗಳನ್ನು ಒಟ್ಟಿಗೆ ಕೊಟ್ಟು, ತಣ್ಣಗಿಡಿ ಎಂದು ಹೇಳಿ ಕಳಿಸುತ್ತಿದ್ದರು.

"ಮನೇಲಿ ಔಷಧಿ ಇಡೋಕೆ ಅನುಕೂಲ ಇದೆಯಾ ಅಣ್ಣ?" ಎಂದು ತೂಕದಕ್ಕ ಕೇಳಿದಳು.

"ನಮ್ಮನೇಗೇನಕ್ಕ ಕಮ್ಮಿ," ಎಂದ ರಿಪೇರಿಯಣ್ಣ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಪಕ್ಕದ ಮನೇದು ಪಾಪ, ಫ್ರಿಜ್ಜು ಸತ್ತೇಹೋಗಿದೆ. ಕಂಪ್ರೆಸರ್ ಹೋಗಿದೆ. ಆ ಮಾಡೆಲ್ಲಿನ ಸಾಮಾನು ಈಗ ಬರೋದೇ ಇಲ್ಲ. ಔಷಧಿ ಎಲ್ಲಾ ಅಡುಗೆಮನೆ ಹಲಗೆ ಮೇಲೆ ಬೇಯ್ತಾ ಇದೆ."

"ಯಾವ ಪಕ್ಕ?"

"ಅಂದ್ರೆ?"

"ಎಡಗಡೆ ಪಕ್ಕಾನಾ, ಬಲಗಡೆ ಪಕ್ಕಾನಾ?"

ಇಷ್ಟು ವರ್ಷಗಳಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಅದು. ರಿಪೇರಿಯಣ್ಣ ಕೂತಲ್ಲೇ ತನ್ನ ಎಡಗೈ ಬಲಗೈ ನೋಡಿಕೊಂಡ. ಅವನ ಮನೆಯ ಎಡಕ್ಕೆ ಶಾಲೆಯ ಕಾಂಪೌಂಡು. ಶಾಲೆಯ ಕಾಂಪೌಂಡಿಗೆ ಫ್ರಿಜ್ಜು ಇರುವುದಿಲ್ಲ.

"ಬಲಗಡೆ," ಎಂದ.

ಸತ್ತದ್ದು ಅವನದೇ ಫ್ರಿಜ್ಜು. ಊರಿಗೆಲ್ಲ ಫ್ರಿಜ್ಜು ರಿಪೇರಿ ಮಾಡುವವನ ಮನೆಯ ಫ್ರಿಜ್ಜೇ ಏಳದೆ ಮಲಗಿದೆ ಎಂದು ಗೊತ್ತಾದರೆ ನಾಳೆಯಿಂದ ಅಂಗಡಿಯ ಮೆಟ್ಟಿಲು ಹತ್ತುವವರು ಯಾರು? ಮೊದಲೇ ಜನ ಈಗೀಗ ಕೆಟ್ಟದ್ದನ್ನು ಬಿಸಾಡಿ ಹೊಸದು ತರುವುದನ್ನು ಕಲಿತಿದ್ದರು, ಕೆಲಸ ತೆಳ್ಳಗಾಗಿತ್ತು. ತಾನೊಂದು ಹೊಸದು ತರೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಅದಕ್ಕೇ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ದೀಪವನ್ನು ಗೋಡೆಯ ಮೇಲಿಟ್ಟಿದ್ದ. ಅಕ್ಕ ಅದನ್ನು ಎತ್ತಿಕೊಂಡು ಬಲಗಡೆಯ ಮನೆಗೆ ನಡೆದಳು.

ಬಲಗಡೆಯ ಮನೆ ಇಸ್ತ್ರಿಯಮ್ಮನದು. ರಿಪೇರಿಯಣ್ಣನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ವಾಷಿಂಗ್ ಮಷೀನು ಸರಿಮಾಡಿ ಅವನು ಹೊರಬಿಟ್ಟ ನೀರು ನೇರವಾಗಿ ಅವಳು ಬಟ್ಟೆಯ ಗಂಟುಗಳನ್ನಿಡುವ ಕಟ್ಟೆಯ ಬುಡಕ್ಕೆ ಬರುತ್ತಿತ್ತು. ಅವಳು ಕೂಗುತ್ತಿದ್ದಳು, ಅವನು ರೇಡಿಯೋದ ದನಿ ಏರಿಸುತ್ತಿದ್ದ.

ನೆರವಿನ ಸಂಘದ ಶೆಡ್ಡಿನಲ್ಲಿ ಆಗ ಸರಿಯಾಗಿ ಒಂದೇ ಒಂದು ಫ್ರಿಜ್ಜು ಸಿದ್ಧವಾಗಿತ್ತು. ಹೊಸ ರಬ್ಬರು ಹಾಕಿ, ಗ್ಯಾಸು ತುಂಬಿಸಿ, ಒರೆಸಿ ನಿಲ್ಲಿಸಿದವನು ರಿಪೇರಿಯಣ್ಣನೇ. ಅದನ್ನು ತಳ್ಳುಗಾಡಿಯಲ್ಲಿಟ್ಟು ವಿಳಾಸಕ್ಕೆ ಮುಟ್ಟಿಸುವುದೂ ಅವನದೇ ಜವಾಬ್ದಾರಿ. ತಾನು ಕೇಳಿದ ಪ್ರಶ್ನೆಗೆ ಮೊದಲ ಫಲ ಸಿಕ್ಕಿದೆಯೆಂದು ತೂಕದಕ್ಕ ಖುಷಿಯಿಂದ ಊಟದ ಹೊತ್ತಿನಲ್ಲಿ ಜೊತೆಗೆ ಹೊರಟಳು. ದಾರಿಯುದ್ದಕ್ಕೂ ಅವಳು ಮಾತಾಡಿದಳು, ಅವನು ತಳ್ಳಿದ. ನಿಮ್ಮಂಥವರು ಬೀದಿಗೊಬ್ಬರಿದ್ದರೆ ಸಾಕು, ಪಕ್ಕದ ಮನೆಯವರ ಕಷ್ಟ ಇಷ್ಟು ಚೆನ್ನಾಗಿ ಯಾರು ನೋಡುತ್ತಾರೆ ಎಂದು ಹೊಗಳಿದಳು. ಅವನ ಮನೆಯ ಮುಂದೆ ಬಂದಾಗ ಗಾಡಿ ತಾನಾಗಿಯೇ ನಿಂತಿತು. ಇಲ್ಲಲ್ಲ ಅಣ್ಣ, ಮುಂದೆ ಎಂದಳು ಅಕ್ಕ.

ಇಸ್ತ್ರಿಯಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು.

"ನನ್ನ ಫ್ರಿಜ್ಜು ಕೆಟ್ಟಿದೆ ಅಂತ ಯಾರು ಹೇಳಿದ್ದು?"

ಯಾರು ಹೇಳಿದರೆಂದು ಹೇಳುವ ಹಾಗಿಲ್ಲ ಎಂದಳು ತೂಕದಕ್ಕ. ಬೇಕಾದರೆ ಇಲ್ಲೇ ರಿಪೇರಿಯಣ್ಣ ಇದ್ದಾರಲ್ಲ, ನೋಡಿ ಹೇಳಲಿ. ಈಗ ರಿಪೇರಿಯಣ್ಣನಿಗೆ ಬಿಸಿ ತುಪ್ಪ ಬಾಯಿಗೆ ಬಿತ್ತು. ಚೆನ್ನಾಗಿದೆ ಎಂದರೆ ಕ್ಲಿನಿಕ್ಕಿನಲ್ಲಿ ಹೇಳಿದ್ದು ಸುಳ್ಳಾಗುತ್ತದೆ. ಕೆಟ್ಟಿದೆ ಎಂದರೆ ಕೈಯಾರೆ ಸರಿಮಾಡಿದ ಫ್ರಿಜ್ಜು ಕೈತಪ್ಪುತ್ತದೆ. ಅವನು ಒಳಗೆ ಹೋಗಿ ಇಸ್ತ್ರಿಯಮ್ಮನ ಫ್ರಿಜ್ಜಿಗೆ ಕಿವಿಗೊಟ್ಟ. ಅದು ಹಾಲು ಕುಡಿದ ಬೆಕ್ಕಿನಂತೆ ಹಿತವಾಗಿ ಗುರುಗುಡುತ್ತಿತ್ತು.

"ಕೆಟ್ಟಿದೆ," ಎಂದ. ಆಮೇಲೆ ಥಟ್ಟನೆ ಏನೋ ಹೊಳೆದು ಅವನ ಮುಖ ಅರಳಿತು. "ಇದನ್ನ ಬೇಕಾದ್ರೆ ನಾನೇ ಎತ್ಕೊಂಡು ಹೋಗ್ತೀನಿ. ಗುಜರಿಗೆ ಹಾಕೋಕೆ."

ಇಸ್ತ್ರಿಯಮ್ಮ ಸೊಂಟದ ಮೇಲಿನ ಕೈ ಇಳಿಸಿದಳು. ಎಂದೂ ಇಲ್ಲದಷ್ಟು ಮೆತ್ತಗಿನ ದನಿಯಲ್ಲಿ, ಅಷ್ಟು ಶ್ರಮ ನಿಮಗ್ಯಾಕೆ ಎಂದಳು. ಬಾಗಿಲು ಗಟ್ಟಿಯಿದೆ, ಇಲಿ ನುಗ್ಗುವುದಿಲ್ಲ, ಧೂಳು ಸೇರುವುದಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಇಡಲು ಇದಕ್ಕಿಂತ ಒಳ್ಳೆಯ ಬೀರು ಎಲ್ಲಿ ಸಿಗುತ್ತದೆ? ಪ್ಲಗ್ಗು ಕಿತ್ತು ಅವಳು ಆಗಿಂದಾಗಲೇ ಗಿರಾಕಿಗಳ ಶರ್ಟುಗಳನ್ನು ಒಂದೊಂದೇ ಹಲಗೆಯಲ್ಲಿ ಜೋಡಿಸತೊಡಗಿದಳು. ಕಳ್ಳನಿಗೆ ಚೇಳು ಕುಟುಕಿದ ಹಾಗೆ ರಿಪೇರಿಯಣ್ಣ ಬಾಯಿ ಬಿಗಿದುಕೊಂಡು ನೋಡುತ್ತಾ ನಿಂತ. ತೂಕದಕ್ಕನಿಗೆ ಅದು ಸಂತೋಷದ ಮೌನದಂತೆ ಕಂಡಿತು.

ಬೇಸಿಗೆ ಏರಿತು. ರಿಪೇರಿಯಣ್ಣನ ಸಕ್ಕರೆಯೂ ಅದರ ಹಿಂದೆಯೇ ಏರಿತು. ಡಾಕ್ಟರು ಊಟ ಕೇಳಿದರು, ನಡಿಗೆ ಕೇಳಿದರು, ಚುಚ್ಚಿಕೊಳ್ಳುವ ರೀತಿಯನ್ನು ಎದುರಿಗೇ ಮಾಡಿಸಿ ನೋಡಿದರು. ಎಲ್ಲವೂ ಸರಿಯಿತ್ತು. ಬೇರೆ ದಾರಿ ಕಾಣದೆ ಇನ್ಸುಲಿನ್ ಪ್ರಮಾಣ ಹೆಚ್ಚಿಸಿದರು. ಹೊಸ ತಿಂಗಳ ಹೊಸ ಸೀಸೆಗಳನ್ನು ತೆಗೆದುಕೊಂಡು ಹೋದ ರಿಪೇರಿಯಣ್ಣ ಎರಡು ದಿನ ಬಿಟ್ಟು ಬೆಳಿಗ್ಗೆ ಪರೀಕ್ಷೆಗೆ ಬಂದವನು, ತೂಕದ ಯಂತ್ರದ ಮೇಲೆ ಹತ್ತಿ ನಿಂತು ಇಳಿಯಲೇ ಇಲ್ಲ. ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ತೂಕ ಎಷ್ಟು ಎಂದು ಕೇಳುವ ಬದಲು ವೋಲ್ಟೇಜು ಎಷ್ಟು ಎಂದು ಕೇಳಿದ. ತೂಕದಕ್ಕ ಅವನ ತೋಳು ಹಿಡಿದು ಕೂರಿಸಿ ಬೆರಳು ಚುಚ್ಚಿದಳು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸು ಕಲಸಿ ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಅವನ ಕಣ್ಣಿಗೆ ಗುರುತು ಬಂತು. ಒಳಗಿನ ಮಂಚದ ಮೇಲೆ ಮಲಗಿಸಿದರು.

ಡಾಕ್ಟರು ಬಾಗಿಲ ಹೊರಗೆ ನಿಂತು ಗಲ್ಲ ಕೆರೆದುಕೊಂಡರು. ಮೊನ್ನೆ ಮೊನ್ನೆ ಆಕಾಶದಲ್ಲಿದ್ದದ್ದು ಇವತ್ತು ಪಾತಾಳದಲ್ಲಿದೆ. ಹೊಸ ಸೀಸೆ ತೆರೆದಾಗ ಔಷಧಿ ಕೆಲಸ ಮಾಡುತ್ತದೆ, ತಿಂಗಳ ಕೊನೆಗೆ ಮಾಡುವುದಿಲ್ಲ ಎಂದರೆ ತಪ್ಪು ಮನುಷ್ಯನದಲ್ಲ, ಸೀಸೆಯದು. ಕಾವಿಗೆ ಕೆಟ್ಟ ಔಷಧಿಯನ್ನು ನಂಬಿ ತಾನು ಪ್ರಮಾಣ ಏರಿಸಿದೆ, ಹೊಸ ಸೀಸೆ ಬಂದಾಗ ಅದು ಅತಿಯಾಯಿತು. ಹೀಗೇ ಆದರೆ ಒಂದು ದಿನ ರಸ್ತೆಯಲ್ಲಿ ಬೀಳುತ್ತಾರೆ.

"ಎಲ್ಲಿಡ್ತಾರಕ್ಕ ಇವರು ಔಷಧಿನ?" ಎಂದು ಕೇಳಿದರು.

ತೂಕದಕ್ಕ ಉತ್ತರ ಹೇಳಲು ಬಾಯಿ ತೆರೆದಳು. ನಮ್ಮನೇಗೇನಕ್ಕ ಕಮ್ಮಿ ಎಂದದ್ದು ನೆನಪಾಯಿತು. ಅಡುಗೆಮನೆಯ ಹಲಗೆಯ ಮೇಲೆ ಬೇಯುತ್ತಿರುವ ಔಷಧಿ ನೆನಪಾಯಿತು. ಎಡವೋ ಬಲವೋ ಎಂದಾಗ ಆ ಮುಖ, ತಾನಾಗಿ ನಿಂತ ಆ ಗಾಡಿ, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಕೇಳಿ ಬಂದು ಹೇಳುತ್ತೇನೆ ಎಂದು ಒಳಗೆ ಹೋಗಿ ಬಾಗಿಲು ಮುಚ್ಚಿದಳು.

"ಅಣ್ಣ, ಪಕ್ಕದ ಮನೆ ವಿಷಯ ಬಿಡಿ. ನಿಮ್ಮನೆ ಫ್ರಿಜ್ಜು ಹೇಗಿದೆ?"

ಮಲಗಿದ್ದಲ್ಲಿಂದಲೇ ರಿಪೇರಿಯಣ್ಣ ಸೂರು ನೋಡಿದ. "ಈ ಫ್ಯಾನಿನ ಬೇರಿಂಗ್ ಹೋಗಿದೆ ನೋಡಕ್ಕ."

"ಅದು ಆಮೇಲೆ."

ಅವನು ಫ್ಯಾನಿನಿಂದ ಕಣ್ಣು ಕಿತ್ತು ಅವಳ ಕಡೆ ತಿರುಗಿದ. ಆರು ಸಲ ಬಿಚ್ಚಿ ಆರು ಸಲ ಮುಚ್ಚಿದೆ, ಅದು ಏಳುವುದಿಲ್ಲ ಎಂದ. ನಿನ್ನೊಬ್ಬಳನ್ನು ಬಿಟ್ಟು ಬೇರೆ ಯಾರಾಗಿದ್ದರೂ ಅವತ್ತೇ ಗೊತ್ತಾಗುತ್ತಿತ್ತಲ್ಲೇ ಅಕ್ಕ ಎಂದು, ಬೈಗುಳವೋ ಬೇಡಿಕೆಯೋ ತಿಳಿಯದ ದನಿಯಲ್ಲಿ ಹೇಳಿದ. ತೂಕದಕ್ಕ ತಲೆ ತಗ್ಗಿಸಿದಳು. ತಪ್ಪು ತನ್ನದೇ ಎಂದಳು. ಅದನ್ನೂ ಇದ್ದಷ್ಟೇ ಹೇಳಿದಳು, ಒಂದು ಗ್ರಾಮು ಕಡಿಮೆ ಮಾಡಲಿಲ್ಲ.

ಶೆಡ್ಡಿನಲ್ಲಿ ಇನ್ನೊಂದು ಫ್ರಿಜ್ಜು ಇರಲಿಲ್ಲ. ಆ ಬೀದಿಯಲ್ಲಿ ಎರಡು ಫ್ರಿಜ್ಜುಗಳಿದ್ದ ಮನೆ ಒಂದೇ. ನೀನೇ ಹೋಗಿ ಹೇಳಿಬಿಡು ಎಂದು ಅವನು ಗೋಗರೆದ. ಅಕ್ಕ ಒಪ್ಪಲಿಲ್ಲ.

"ನಾನು ಹೇಳಿದ್ರೆ ಹೆಂಗಿರುತ್ತೆ ಅಂತ ನಿಮಗೆ ಗೊತ್ತಲ್ಲ. ನಯ ನಾಜೂಕು ನನಗೆ ಬರಲ್ಲ. ನೀವು ಹೇಳಿ, ನಾನು ಪಕ್ಕದಲ್ಲಿ ನಿಂತಿರ್ತೀನಿ."

ಇಸ್ತ್ರಿಯಮ್ಮ ಕೆಲಸದಲ್ಲಿದ್ದಳು. ಇಬ್ಬರನ್ನೂ ಕಂಡು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ರಿಪೇರಿಯಣ್ಣನ ಕಡೆ ನೋಡಿ ನಕ್ಕಳು. ಅವಳು ಅವನ ಕಡೆ ನೋಡಿ ನಗುವುದನ್ನು ಬೀದಿ ಈ ಒಂದೆರಡು ತಿಂಗಳಿಂದ ಆಶ್ಚರ್ಯದಿಂದ ನೋಡುತ್ತಿತ್ತು. ಅವನ ಶರ್ಟುಗಳನ್ನೂ ಅವಳು ಕರೆದು ಇಸಿದುಕೊಂಡು, ಬೇಡವೆಂದರೂ ಕೇಳದೆ ಇಸ್ತ್ರಿ ಮಾಡಿಕೊಡುತ್ತಿದ್ದಳು. ಇವತ್ತು ಅವನು ತೊಟ್ಟಿದ್ದ ಶರ್ಟಿನ ಗೆರೆ ಕತ್ತಿಯ ಅಲಗಿನಂತಿತ್ತು.

"ಅಮ್ಮಾ," ಎಂದು ರಿಪೇರಿಯಣ್ಣ ಶುರು ಮಾಡಿದ, "ನಮ್ಮ ಪರಿಚಯದವರೊಬ್ಬರಿಗೆ..."

ತೂಕದಕ್ಕ ಕೆಮ್ಮಿದಳು.

"ನನಗೆ," ಎಂದ. ಆ ಒಂದು ಮಾತು ದಾಟಿದ ಮೇಲೆ ಉಳಿದದ್ದು ತಾನಾಗಿ ಹೊರಬಿತ್ತು. ನಿಮ್ಮ ಫ್ರಿಜ್ಜು ಕೆಟ್ಟಿರಲಿಲ್ಲ, ಕೆಟ್ಟಿದ್ದು ನನ್ನದು ಎಂದ. ಕಾಯಿಲೆಯನ್ನೂ, ಔಷಧಿಯನ್ನೂ, ಇವತ್ತು ಬೆಳಿಗ್ಗೆ ನಡೆದದ್ದನ್ನೂ ಹೇಳಿದ.

"ನನ್ನ ಫ್ರಿಜ್ಜು ಕೆಟ್ಟಿಲ್ಲ ಅಂತ ನನಗೆ ಗೊತ್ತಿರಲಿಲ್ವಾ?" ಎಂದಳು ಇಸ್ತ್ರಿಯಮ್ಮ. "ಅವತ್ತು ಬೆಳಿಗ್ಗೆ ತಾನೇ ಐಸು ಕೆರೆದು ಹಾಕಿದ್ದೆ. ಇಷ್ಟು ವರ್ಷ ನನ್ನ ಕಟ್ಟೆಗೆ ನೀರು ಬಿಟ್ಟೋನು, ಈಗ ಬುದ್ಧಿ ಬಂದು, ನನಗೊಂದು ಒಳ್ಳೇದು ಸಿಗ್ಲಿ ಅಂತ ಅಕ್ಕನ ಮುಂದೆ ಸುಳ್ಳು ಹೇಳ್ತಿದಾನೆ ಅಂದ್ಕೊಂಡೆ. ಅದಕ್ಕೇ ಸುಮ್ಮನಾದೆ."

ರಿಪೇರಿಯಣ್ಣ ತನ್ನ ಶರ್ಟಿನ ತೋಳು ನೋಡಿಕೊಂಡ.

"ಹೂಂ, ಅದಕ್ಕೇ," ಎಂದಳು ಅವಳು. "ಒಳ್ಳೇ ಮನುಷ್ಯ ಅಂತ ಕಾಲರಿಗೆಲ್ಲ ಗಂಜಿ ಹಾಕಿದೀನಿ."

ಮೊದಲು ಅವಳ ಭುಜ ಅಲುಗಿತು, ಆಮೇಲೆ ಹೊಟ್ಟೆ. ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಮುಗಿದ ಮೇಲೆ ಇಂಥ ಕಾಯಿಲೆ ಇಟ್ಟುಕೊಂಡು ಬಾಯಿಗೆ ಬೀಗ ಹಾಕಿಕೊಂಡು ಕೂತದ್ದಕ್ಕೆ ಮಂಗಳಾರತಿ ಎತ್ತಿದಳು. ಅದು ನಗುವಿಗಿಂತ ಉದ್ದವಾಗಿತ್ತು. ಕೊನೆಗೆ ಎದ್ದು ತನ್ನ ಹಳೆಯ ಫ್ರಿಜ್ಜಿನಿಂದ ಶರ್ಟುಗಳನ್ನು ಹೊರಗೆಳೆದಳು. ಇದು ನನ್ನ ಕೈಗೆ ಪಳಗಿದ್ದು, ಇದು ನನಗಿರಲಿ. ಆ ಇನ್ನೊಂದು ನಿಮ್ಮ ಕೈಯಲ್ಲಿ ಎದ್ದದ್ದು, ಕೆಟ್ಟರೆ ನೀವೇ ಅನುಭವಿಸಿ ಎಂದು ತೀರ್ಪು ಕೊಟ್ಟಳು. ಆದರೆ ಆ ನೀರಿನ ಪೈಪು ಇವತ್ತೇ ಆ ಕಡೆಗೆ ತಿರುಗಬೇಕು.

ಮೂವರೂ ಸೇರಿ ಫ್ರಿಜ್ಜನ್ನು ಹೊಸ್ತಿಲು ದಾಟಿಸಿದರು. ಹಗಲು ಹೊತ್ತು, ಬೀದಿ ತುಂಬ ಜನ. ಎದುರು ಸಾಲಿನ ಕಿರಾಣಿ ಅಂಗಡಿಯವನು ತಕ್ಕಡಿ ಬಿಟ್ಟು ಹೊರಬಂದು ನಿಂತ.

"ಏನಣ್ಣ, ಯಾರ ಮನೇದು ಕೆಟ್ಟಿದ್ದು?"

ಇಸ್ತ್ರಿಯಮ್ಮ ಏನೋ ಹೇಳಲು ಹೊರಟಳು. ನನ್ನ ಮನೆಯಲ್ಲಿ ಜಾಗ ಸಾಲದು ಎಂದೋ ಏನೋ ಇರಬೇಕು. ತೂಕದಕ್ಕ ಫ್ರಿಜ್ಜಿನ ಒಂದು ಮೂಲೆ ಹಿಡಿದುಕೊಂಡು ನಿಂತಳು. ಈ ಪ್ರಶ್ನೆಗೆ ರಿಪೇರಿಯಣ್ಣ ಏನು ಬೇಕಾದರೂ ಹೇಳಬಹುದಿತ್ತು.

"ನಂದೇ," ಎಂದ ರಿಪೇರಿಯಣ್ಣ. "ಕಂಪ್ರೆಸರ್ ಹೋಗಿದೆ. ನನ್ನ ಕೈಲಿ ಆಗಲ್ಲ."

ಕಿರಾಣಿಯವನು ರಸ್ತೆ ದಾಟಿ ಹತ್ತಿರ ಬಂದು, ಯಾವ ಮಾಡೆಲ್ಲು ಎಂದು ಕೇಳಿದ. ಉತ್ತರ ಕೇಳಿ ದೊಡ್ಡದೊಂದು ನಿಟ್ಟುಸಿರು ಬಿಟ್ಟ. "ನಿಮ್ಮ ಕೈಲೇ ಆಗಲ್ಲ ಅಂದ್ಮೇಲೆ ನಿಜವಾಗ್ಲೂ ಆಗಲ್ಲ ಬಿಡಿ. ನಮ್ದೂ ಅದೇ ಅಣ್ಣ. ಹೋಗಿ ಎಷ್ಟೋ ದಿನ ಆಯ್ತು. ಗಿರಾಕಿಗಳು ನೋಡ್ಲಿ ಅಂತ ಸುಮ್ನೆ ಬಾಗಿಲು ತೆಗೆದು ಹಾಕ್ತಾ ಇರ್ತೀನಿ."

ನಮ್ದೂ, ಎಂದಿದ್ದ ಅವನು. ಪಕ್ಕದ ಮನೇದು ಎಂದಿರಲಿಲ್ಲ. ತೂಕದಕ್ಕ ಫ್ರಿಜ್ಜಿನ ಮೂಲೆಯನ್ನು ಇಸ್ತ್ರಿಯಮ್ಮನ ಕೈಗೆ ಒಪ್ಪಿಸಿದಳು. ಇಲ್ಲಿ ಬೇಡ, ಬನ್ನಿ ಎಂದು ಕಿರಾಣಿಯವನನ್ನು ಅಂಗಡಿಯ ಒಳಗೆ, ಮೂಟೆಗಳ ಹಿಂದೆ ಯಾರಿಗೂ ಕೇಳಿಸದ ಜಾಗಕ್ಕೆ ಕರೆದುಕೊಂಡು ಹೋದಳು.

"ಔಷಧಿ ಏನಾದ್ರೂ ತಗೋತೀರಾ?" ಎಂದು ಕೇಳಿದಳು. "ಮನೇಲಿ ಯಾರು ಯಾರಿದೀರಿ?"

ಅವನು ಒಂದು ಮೂಟೆಯ ಮೇಲೆ ಕೂತುಕೊಂಡ. ಹೊರಗೆ, ಎಡಕ್ಕೆ ವಾಲಿಸಬೇಡಿ ಎಂದು ಇಸ್ತ್ರಿಯಮ್ಮ ರಿಪೇರಿಯಣ್ಣನಿಗೆ ಫ್ರಿಜ್ಜು ಹೊರುವುದು ಹೇಗೆಂದು ಹೇಳಿಕೊಡುತ್ತಿದ್ದಳು. ರಿಪೇರಿಯಣ್ಣನ ಚೀಲದಲ್ಲಿ, ಡಾಕ್ಟರು ಪ್ರಮಾಣ ಇಳಿಸಿ ಅವತ್ತು ಮತ್ತೆ ಕೊಟ್ಟ ಹೊಸ ಸೀಸೆಗಳು ತಣ್ಣನೆಯ ಬಟ್ಟೆಯಲ್ಲಿ ಸುತ್ತಿಕೊಂಡು, ಪ್ಲಗ್ಗು ಹಾಕುವುದನ್ನೇ ಕಾಯುತ್ತಿದ್ದವು.